ಎರಡನೇ ಬೀದಿಯ ಬೆಳಕು

ಕಸ್ತೂರಿ ಮೊದಲನೇ ಪೀರಿಯಡ್ಡಿನಲ್ಲೇ ಊಟದ ಡಬ್ಬಿ ತೆಗೆದಳು. ನನ್ನ ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ. ಬೇರೆ ಊರಿನವರಾದರೆ ಪಾಪ, ಹುಡುಗಿಗೆ ಹಸಿವಾಗಿರಬೇಕು ಅಂದು ಸುಮ್ಮನಾಗುತ್ತಿದ್ದರು. ನಮ್ಮೂರಲ್ಲಿ ಹಾಗೆ ಸುಮ್ಮನಾಗಲು ಬರುವುದಿಲ್ಲ. ನಾಲ್ಕನೇ ಬೀದಿಯವರಿಗೆ ಮೂರನೇ ಪೀರಿಯಡ್ಡಿನ ಗಂಟೆ ಹೊಡೆಯುವ ತನಕ ಹಸಿವೆಂಬುದೇ ಆಗುವುದಿಲ್ಲ. ಆರನೇ ಕ್ಲಾಸಿನಿಂದ ನಾನೂ ಅವಳೂ ಒಂದೇ ಬೆಂಚು. ನನ್ನ ಹೊಟ್ಟೆ ಗುರುಗುಟ್ಟಿದರೆ ಅವಳದ್ದೂ ಗುರುಗುಟ್ಟುತ್ತಿತ್ತು. ಅವಳು ಆಕಳಿಸಿದರೆ ನನ್ನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ನಮ್ಮನ್ನು ನೋಡಿ ಮೇಷ್ಟ್ರು, ಒಂದೇ ಮೈಗೆ ಎರಡು ಹಾಜರಿ ಯಾಕೆ ಕೂಗಲಿ ಅನ್ನುತ್ತಿದ್ದರು.

"ಏನೇ ಇದು, ಈಗಲೇ?" ಅಂದೆ.

"ಬೆಳಿಗ್ಗೆ ಸರಿಯಾಗಿ ತಿಂದಿರ್ಲಿಲ್ಲ ಕಣೇ ನೀಲಿ," ಅಂದಳು, ಡಬ್ಬಿಯಿಂದ ಕಣ್ಣೆತ್ತದೆ.

ಒಂದು ಚಮಚ ಚಿತ್ರಾನ್ನ ನನ್ನ ಕಡೆಗೂ ಚಾಚಿದಳು. ಹಸಿವಿಲ್ಲದ ಬಾಯಿಗೆ ಅದು ಒಣ ಹುಲ್ಲಿನ ಹಾಗಿತ್ತು. ಕೊನೆಯ ಪೀರಿಯಡ್ಡಿನಲ್ಲಿ ಅವಳು ಆಕಳಿಸತೊಡಗಿದಳು. ನಾನು ಕಣ್ಣರಳಿಸಿಕೊಂಡು ಕೂತು ಎಣಿಸಿದೆ. ಹನ್ನೊಂದು. ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟೆ.

ನಮ್ಮೂರಿಗೆ ಬೆಳಕು ಒಂದೇ, ಬೀದಿಗಳು ಹನ್ನೆರಡು. ಅದು ಒಂದನೇ ಬೀದಿಗೆ ಬಂದು ಎರಡು ಗಂಟೆ ನಿಲ್ಲುತ್ತದೆ, ಆಮೇಲೆ ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ. ಹನ್ನೆರಡನ್ನೂ ಮುಗಿಸಿ ಮತ್ತೆ ಒಂದಕ್ಕೆ. ಬೆಳಕು ಯಾವ ಬೀದಿಯಲ್ಲಿದೆಯೋ ಅಲ್ಲಿ ಬೆಳಗು. ಜನ ಜಗಲಿಯ ಮೇಲೆ ಕೂತು ಅದನ್ನು ಕಣ್ತುಂಬ ಕುಡಿಯುತ್ತಾರೆ, ಮೈ ಆ ಬೀದಿಗೆ ಹೊಂದಿಕೊಳ್ಳುತ್ತದೆ. ಉಳಿದ ಹೊತ್ತಿಗೆಲ್ಲ ಕೆಂಪು ದೀಪ. ಬಲ್ಬಿಗೆ ಕೆಂಪು ಕಾಗದ, ಟಿವಿಗೆ ಕೆಂಪು ಕಾಗದ, ಫೋನಿಗೂ ಕೆಂಪು ಕಾಗದ. ಕೆಂಪು ಬೆಳಕನ್ನು ಮೈ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಗದ ಕಿತ್ತರೆ ಅದು ಕಳ್ಳಬೆಳಕು. ಕಳ್ಳಬೆಳಕು ನೋಡುವ ಮನೆಯಲ್ಲಿ ಅಪ್ಪ ಉಣ್ಣುವಾಗ ಮಗ ಏಳುತ್ತಾನೆ, ಅಂಥ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ.

ಹದಿನೆಂಟು ತುಂಬಿದವರಿಗೆ ಬೀದಿ ಕಚೇರಿಯವರು ಚೀಟಿಯ ಮೇಲೆ ಬೀದಿಯ ಮುದ್ರೆ ಒತ್ತುತ್ತಾರೆ. ಒತ್ತಿದ ಮೇಲೆ ಏಳು ವರ್ಷ ಆ ಬೀದಿಯಲ್ಲೇ ಇರಬೇಕು. ನನ್ನ ಮತ್ತು ಕಸ್ತೂರಿಯ ಮುದ್ರೆಗೆ ಇನ್ನು ಹದಿಮೂರು ದಿನ ಉಳಿದಿತ್ತು. ನಾಲ್ಕು, ನಾಲ್ಕು ಅಂತ ಎರಡು ಚೀಟಿ ಒಟ್ಟಿಗೆ ಹಿಡಿದುಕೊಂಡು ಹೊರಗೆ ಬರುವುದನ್ನು ನಾನು ಎಷ್ಟು ಸಲ ಕಲ್ಪಿಸಿಕೊಂಡಿದ್ದೆನೋ ಲೆಕ್ಕವಿಲ್ಲ. ಆಗ ಯಾವ ಚಪ್ಪಲಿ ಹಾಕಿಕೊಂಡಿರಬೇಕು ಅಂತಲೂ ತೀರ್ಮಾನವಾಗಿತ್ತು.

ಬೇಗ ಹಸಿವು, ಬೇಗ ಆಕಳಿಕೆ. ಅಂದರೆ ಅವಳ ಮೈ ಹಿಂದಿನ ಯಾವುದೋ ಬೀದಿಯ ಬೆಳಕು ಕುಡಿಯುತ್ತಿದೆ. ಹಿಂದಿನ ವಾರ ಅವಳು ಮೂರನೇ ಬೀದಿಯ ಅತ್ತೆಗೆ ಜ್ವರ ಅಂತ ಅಲ್ಲಿ ನಾಲ್ಕು ದಿನ ಇದ್ದು ಬಂದಿದ್ದಳು. ಆ ಅತ್ತೆ ಅದೇ ವಾರ ನಮ್ಮ ಬೀದಿಗೆ ಬಂದು ಚೌಕಾಸಿ ಮಾಡಿ ಬದನೆಕಾಯಿ ಕೊಂಡದ್ದನ್ನು ನಾನೇ ನೋಡಿದ್ದೆ. ಇನ್ನೊಂದು, ಕಸ್ತೂರಿಯ ದುಪಟ್ಟಾದಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಬರುತ್ತಿತ್ತು. ಬೇಕರಿ ಇರುವುದು ಎರಡನೇ ಬೀದಿಯಲ್ಲಿ. ಬೇಕರಿಯವರ ಮಗಳು ಉತ್ಪಲಾ. ಸಂಗೀತದ ಕ್ಲಾಸಿನಲ್ಲಿ ಪರಿಚಯವಾದವಳು, ಉದ್ದ ಜಡೆ, ನಕ್ಕರೆ ಗುಳಿ, ಎಲ್ಲರನ್ನೂ ಹೆಸರಿಟ್ಟು ಮಾತಾಡಿಸುವ ಚಾಳಿ.

ಮರುದಿನ ನಿದ್ದೆಗೆಟ್ಟು ಎರಡನೇ ಬೀದಿಯ ಬೆಳಕಿನ ಹೊತ್ತಿಗೆ ಅಲ್ಲಿಗೆ ಹೋದೆ. ಬೇಕರಿಯ ಮೆಟ್ಟಿಲ ಮೇಲೆ ಇಬ್ಬರೂ ಬೆಳಕಿಗೆ ಮುಖ ಕೊಟ್ಟು ಕೂತಿದ್ದರು. ಕೈಗೆಲ್ಲ ಮೈದಾ ಹಿಟ್ಟು. ಏನೂ ಮಾತಾಡುತ್ತಿರಲಿಲ್ಲ. ಮಾತಾಡುತ್ತಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ. ನನ್ನ ಪಕ್ಕದಲ್ಲಿ ಕಸ್ತೂರಿ ಮಾತಿಲ್ಲದೆ ಕೂತದ್ದು ನನಗೆ ನೆನಪೇ ಇರಲಿಲ್ಲ, ಯಾಕೆಂದರೆ ನಾನು ಸುಮ್ಮನಿರುತ್ತಿರಲಿಲ್ಲ.

ಕ್ಲಾಸಿನಲ್ಲಿ ನೇರವಾಗಿ ಕೇಳಿದೆ. "ಮುದ್ರೆಗೆ ಎರಡು ಅಂತ ಬರ್ಸಿದೀಯಾ?"

ಅವಳು ಪೆನ್ನಿನ ಕ್ಯಾಪು ಹಾಕಿದಳು, ತೆಗೆದಳು. "ಹೇಳೋಣ ಅಂತಾನೇ ಇದ್ದೆ."

"ಯಾವಾಗ? ಮುದ್ರೆ ಒಣಗಿದ ಮೇಲಾ?"

"ಬೇಕರಿ ಕೆಲ್ಸ ಕಲೀಬೇಕು ನಂಗೆ. ಉತ್ಪಲಾ ಅಪ್ಪ ಕಲಿಸ್ತೀನಿ ಅಂದಿದಾರೆ. ಒಲೆ ಹಚ್ಚೋ ಹೊತ್ತಿಗೆ ಎಚ್ಚರ ಇರ್ಬೇಕಲ್ಲ, ಅದಕ್ಕೆ ಮೈ ಅಲ್ಲಿಗೆ ಹೊಂದ್ಕೋಬೇಕು."

"ನಿಂಗೆ ಚಪಾತಿ ಹಿಟ್ಟೇ ಕಲಸಕ್ಕೆ ಬರಲ್ಲ."

"ಅದಕ್ಕೇ ಕಲೀತೀನಿ ಅಂದಿದ್ದು," ಅಂದಳು. ಸಿಟ್ಟು ಮಾಡಿಕೊಳ್ಳಲಿಲ್ಲ. ಅದೂ ಒಂದು ಉರಿ. ನೀನೂ ಬಾರೇ ಅಂತ ಒಂದು ಮಾತು ಹೇಳಲಿಲ್ಲ, ಅದು ದೊಡ್ಡ ಉರಿ.

ಕರೆಯದಿದ್ದರೆ ಏನಂತೆ, ನಾನೇ ಹೋಗುತ್ತೇನೆ ಅಂದುಕೊಂಡೆ. ಅದೇ ಸಂಜೆ ಕಚೇರಿಗೆ ಹೋಗಿ ಅರ್ಜಿಯಲ್ಲಿ ನಾಲ್ಕು ಹೊಡೆದು ಎರಡು ಬರೆದು ಬಂದೆ. ಎರಡನೇ ಬೀದಿ ದೂರವೇನಲ್ಲ, ನಡೆದರೆ ಹತ್ತು ನಿಮಿಷ. ಅಲ್ಲಿನ ಬೆಳಕು ನಮ್ಮದಕ್ಕಿಂತ ನಾಲ್ಕು ಗಂಟೆ ಮುಂಚೆ. ನಾಲ್ಕು ದಿನ ಅಲ್ಲಿ ಕೂತು ಕಣ್ತುಂಬ ಕುಡಿದರೆ ನನ್ನ ಮೈಯೂ ಎರಡನೇ ಬೀದಿಯದಾಗುತ್ತದೆ, ಮುದ್ರೆಯ ದಿನ ಉತ್ಪಲಾಳ ಗುಳಿ ಮುಚ್ಚಿಹೋಗುತ್ತದೆ. ಹೀಗೆ ಲೆಕ್ಕ ಹಾಕಿ, ಅರ್ಧ ನಿದ್ದೆಯಲ್ಲೇ ಎದ್ದು, ಬೇಕರಿಗೆ ಕಾಣದ ಹಾಗೆ ಬೀದಿಯ ಆ ತುದಿಯ ನಲ್ಲಿಕಟ್ಟೆಯ ಮೇಲೆ ನಾಲ್ಕು ದಿನ ಕೂತೆ. ನೀರಿಗೆ ಬಂದ ಹೆಂಗಸರು, ಯಾರ ಮನೆ ಹುಡುಗೀನಮ್ಮ ನೀನು, ಮನೇಲಿ ಜಗಳವಾ ಅಂತ ಕೇಳಿದರು. ಹೂಂ ಅಂದೆ.

ಆದದ್ದೇ ಬೇರೆ. ನಾಲ್ಕನೇ ದಿನ ಕ್ಲಾಸಿನಲ್ಲಿ ಡಬ್ಬಿ ಬಿಚ್ಚಿದರೆ ಉಪ್ಪಿಟ್ಟಿನ ವಾಸನೆಗೇ ಓಕರಿಕೆ ಬಂತು. ಮನೆಮಂದಿಯೆಲ್ಲ ಹಾಸಿಗೆ ಹಾಸುವಾಗ ನನಗೆ ಬೆಂಕಿಯಂಥ ಹಸಿವು. ಅಮ್ಮ ತೊಳೆದಿಟ್ಟ ಪಾತ್ರೆಯನ್ನು ಮತ್ತೆ ಒಲೆಗಿಡುತ್ತಾ, "ಇದೇನೇ ಇದು, ಏಳನೇ ಬೀದಿ ನೆಂಟರು ಬಂದಂಗಿದೆ," ಅಂದರು. ತಮಾಷೆಗೆ ಹೇಳಿದ್ದು. ನಾನು ಲೆಕ್ಕ ಹಾಕಿ ನೋಡಿದೆ, ನಿಜವೇ ಆಗಿತ್ತು. ಎರಡಕ್ಕೆ ಹೊರಟವಳು ಏಳಕ್ಕೆ ಹೋಗಿದ್ದೆ.

ಮೂಲೆಯಲ್ಲಿದ್ದ ಅಜ್ಜಿ ಕೈಸನ್ನೆ ಮಾಡಿ ಕರೆದಳು. ಅಜ್ಜಿಗೆ ಎಂಟು ವರ್ಷದಿಂದ ಕಣ್ಣು ಕಾಣುವುದಿಲ್ಲ. ಆದರೂ ದಿನಾ ಜಗಲಿಗೆ ಬಂದು ಬೆಳಕಿಗೆ ಮುಖ ಕೊಡುತ್ತಾಳೆ, ನಮ್ಮೆಲ್ಲರ ಜೊತೆಗೇ ಹಸಿಯುತ್ತಾಳೆ, ನಮ್ಮೆಲ್ಲರ ಜೊತೆಗೇ ಮಲಗುತ್ತಾಳೆ. ನೋಡುವ ಕಣ್ಣು ಹೋದರೂ ಹೊತ್ತು ತಿಳಿಯುವ ಕಣ್ಣು ಅದರೊಳಗೇ ಬೇರೆ ಇರುತ್ತದೆ ಅಂತ ಅವಳ ವಾದ. ಪಟಾಕಿ ಸಿಡಿದು ಎರಡೂ ಕಣ್ಣುಗುಡ್ಡೆ ತೆಗೆಸಿಕೊಂಡ ಚನ್ನವೀರಣ್ಣನಿಗೆ ಅದೂ ಇಲ್ಲ. ಅವನ ಮೈ ದಿನಕ್ಕೆ ಅರ್ಧ ಗಂಟೆ ತಡವಾಗುತ್ತಾ ಒಂದೊಂದೇ ಬೀದಿ ದಾಟುತ್ತಾ ಇಡೀ ಊರು ಸುತ್ತುತ್ತದೆ. ಅವನು ಯಾವ ಬೀದಿಯ ಹೊತ್ತಿಗೆ ಹಸಿಯುತ್ತಾನೋ ಆ ಬೀದಿಯವರು ಅವನಿಗೆ ಊಟ ಹಾಕುತ್ತಾರೆ.

"ಎಲ್ಲಿ ಕೂತಿದ್ದೆ ಬೆಳಕಿಗೆ?" ಅಂದಳು ಅಜ್ಜಿ.

"ಎರಡರಲ್ಲಿ."

"ನೆಟ್ಟಗೆ ಹೋಗಿ ಎರಡರಲ್ಲೇ ಕೂತ್ಯಾ? ಮೂರರಲ್ಲಿ ಕೂರ್ದೆ?"

"ಹೂಂ. ಅರ್ಜೆಂಟಿತ್ತು."

ಅಜ್ಜಿ ತಲೆ ಚಚ್ಚಿಕೊಂಡಳು. "ಅಯ್ಯೋ ಮಂಕೇ. ಅವರ ಬೆಳಗು ನಿನ್ನ ಮೈಗೆ ನಡುರಾತ್ರಿ. ಏಳೋ ಹೊತ್ತಿಗೆ ಸ್ವಲ್ಪ ಮುಂಚೆ ಬೆಳಕು ಕಂಡ್ರೆ ಮೈ, ಓ ಬೆಳಗಾಯ್ತು ಅಂತ ಬೇಗ ಏಳತ್ತೆ. ಇನ್ನೂ ನಿದ್ದೆ ಅರ್ಧ ಆಗಿಲ್ಲ ಅನ್ನೋವಾಗ ಕಂಡ್ರೆ, ಓ ಇನ್ನೂ ಸಂಜೆನೇ ಮುಗ್ದಿಲ್ಲ ಅಂತ ಎಲ್ಲಾನೂ ತಡ ಮಾಡತ್ತೆ. ಹಿಂದಕ್ಕೆ ಹೋಗೋರು ಒಂದೊಂದೇ ಬೀದಿಲಿ ಇದ್ದು ಹೋಗ್ಬೇಕು. ನಾನು ಮದ್ವೆಯಾಗಿ ಆರರಿಂದ ಬಂದಾಗ ಐದರಲ್ಲಿ ಒಂದು ವಾರ ಇರ್ಸಿದ್ರು. ನಿಮ್ಮಜ್ಜ ದಿನಾ ಬಂದು ಬಾಗ್ಲಲ್ಲಿ ನಿಂತಿರೋರು."

ಆಗ ಹೊಳೆಯಿತು, ಕಸ್ತೂರಿ ಮೂರನೇ ಬೀದಿಯ ಅತ್ತೆಯ ಮನೆಯಲ್ಲಿ ನಾಲ್ಕು ದಿನ ಯಾಕಿದ್ದಳು ಅಂತ. ಅಷ್ಟು ನಿಧಾನವಾಗಿ, ಅಷ್ಟು ತಯಾರಿ ಮಾಡಿಕೊಂಡು ನನ್ನನ್ನು ಬಿಟ್ಟುಹೋಗಿದ್ದಳು.

"ಈಗ ವಾಪಸ್ ಹೋಗಕ್ಕೆ ಎಷ್ಟು ದಿನ ಬೇಕು?" ಅಂದೆ.

"ಏಳರಿಂದ ಎರಡಕ್ಕೆ ಹಿಂದೆ ಹಿಂದೆ ಹೋಗಕ್ಕೆ ಎರಡು ವಾರ. ಹಿಂದಕ್ಕೆಳೆದ್ರೆ ಮೈ ಹಟ ಮಾಡತ್ತೆ."

"ಮುಂದೆ ಮುಂದೆ ಹೋದ್ರೆ?"

ಅಜ್ಜಿ ಬೆರಳು ಮಡಚಿ ಎಣಿಸಿದಳು. "ಮುಂದಕ್ಕಾದ್ರೆ ಸಲೀಸು. ದಿನಕ್ಕೊಂದು ಬೀದಿ. ಆದ್ರೆ ಊರೆಲ್ಲಾ ಸುತ್ಕೊಂಡು ಯಾರು ಹೋಗ್ತಾರೆ?"

ನಾನು ಹೋಗುತ್ತೇನೆ. ಉಳಿದದ್ದು ಎಂಟು ದಿನ. ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಒಂದು, ಎರಡು: ಬೇಕಾದದ್ದು ಏಳೇ ದಿನ. ಕಾಲೇಜಿಗೆ ಜ್ವರ ಅಂತ ಚೀಟಿ ಬರೆದೆ. ಬೆಳಕಿನ ಹಿಂದೆಯೇ ನಡೆದೆ. ಎಂಟನೇ ಬೀದಿಯಲ್ಲಿ ಮಗ್ಗದವರ ಜಗಲಿಯಲ್ಲಿ ಕೂತೆ, ಅವರು ಚಹಾ ಕೊಟ್ಟರು. ಒಂಬತ್ತರಲ್ಲಿ ಒಬ್ಬ ಮುದುಕ ನನ್ನನ್ನು ಹೊಸ ಟೀಚರ್ ಅಂದುಕೊಂಡು ಮೊಮ್ಮಗನ ಮೇಲೆ ದೂರು ಹೇಳಿದ. ಹತ್ತನೇ ಬೀದಿಯಲ್ಲಿ ಅಮ್ಮನ ಕಡೆಯ ರೇವತಕ್ಕ ಸಿಕ್ಕಳು. ಹೊಲಿಗೆ ಮಷೀನಿನ ಮುಂದೆ ಕೂತವಳು ಏನೂ ಕೇಳದೆ ಚಾಪೆ ಹಾಸಿಕೊಟ್ಟಳು, ಆಮೇಲೆ ಮಲಗಲು ದಿನಾ ಅವಳ ಮನೆಗೇ ಬರುತ್ತಿದ್ದೆ. ಮೂರು ದಿನದಲ್ಲಿ ಮೂರು ಬೀದಿ. ಮೈ ಹೂವಿನಷ್ಟು ಹಗುರವಾಗಿ ಮುಂದಕ್ಕೆ ಜಾರುತ್ತಿತ್ತು. ಇದೇ ವೇಗದಲ್ಲಿ ಹೋಗಿದ್ದರೆ ಗೆದ್ದುಬಿಡುತ್ತಿದ್ದೆ.

ಅಷ್ಟರಲ್ಲಿ ಕಸ್ತೂರಿ ಸ್ಟೇಟಸ್ಸಿನಲ್ಲಿ ಒಂದು ಫೋಟೋ ಹಾಕಿದಳು. ಬೇಕರಿಯ ಒಲೆಯ ಮುಂದೆ ಅವಳೂ ಉತ್ಪಲಾನೂ ಬನ್ನಿನ ತಟ್ಟೆ ಹಿಡಿದು ನಿಂತಿದ್ದರು. ಇಬ್ಬರ ಕೈಯಲ್ಲೂ ಗಾಜಿನ ಬಳೆ. ಕಸ್ತೂರಿಯ ಕೈಗೆ ನಾನು ಹಸಿರು ಬಳೆ ಕೊಡಿಸಿದ್ದೆ. ಈ ಬಳೆ ಹಸಿರೋ, ಅಥವಾ ಉತ್ಪಲಾ ತನ್ನದರಂಥದೇ ತೊಡಿಸಿದ್ದಾಳೋ? ಕೆಂಪು ಕಾಗದದ ಕೆಳಗೆ ಎಲ್ಲ ಬಳೆಯೂ ಒಂದೇ ಬಣ್ಣ. ಹಿಗ್ಗಿಸಿ ನೋಡಿದೆ, ಓರೆ ಹಿಡಿದು ನೋಡಿದೆ. ಆಮೇಲೆ ಕಾಗದದ ತುದಿಗೆ ಉಗುರು ಹಾಕಿ ಎಳೆದೇಬಿಟ್ಟೆ.

ಬಳೆ ನೀಲಿಯಾಗಿತ್ತು. ಉತ್ಪಲಾಳದ್ದೂ ನೀಲಿ.

ಅಲ್ಲಿಗೆ ಬಿಟ್ಟಿದ್ದರೆ ಪರವಾಗಿರಲಿಲ್ಲ. ನಾನು ಉತ್ಪಲಾಳ ಹಳೆಯ ಫೋಟೋಗಳನ್ನೆಲ್ಲ ತೆಗೆದೆ. ಕಸ್ತೂರಿಯ ಲಾಸ್ಟ್ ಸೀನ್ ನೋಡಿದೆ, ಉತ್ಪಲಾಳ ಲಾಸ್ಟ್ ಸೀನ್ ನೋಡಿದೆ, ಎರಡಕ್ಕೂ ಎಷ್ಟು ನಿಮಿಷದ ಅಂತರ ಅಂತ ನೋಡಿದೆ. ಏಳುವ ಹೊತ್ತಿಗೆ ಎರಡು ಗಂಟೆ ಮುಂಚೆಯೇ ಎಚ್ಚರವಾಗಿ, ಹೊದಿಕೆಯೊಳಗೆ ಆ ಬಿಳಿ ಕಳ್ಳಬೆಳಕಿಗೆ ಮೂಗು ತಾಗಿಸಿಕೊಂಡು ದಿನಾ ಇದೇ ಕೆಲಸ. ಎದ್ದ ಮೇಲೆ ಬೆಳಕಿನ ಹಿಂದೆ ನಡೆದು ಮೈಯನ್ನು ಮುಂದಕ್ಕೆ ತಳ್ಳುವುದು, ಬೆಳಗಿನ ಜಾವ ಫೋನು ನೋಡಿ ಅಷ್ಟನ್ನೇ ಹಿಂದಕ್ಕೆಳೆಯುವುದು. ಬಾವಿಯ ಎರಡೂ ಕಡೆಯಿಂದ ಒಂದೇ ಹಗ್ಗ ಜಗ್ಗಿದ ಹಾಗೆ. ಮತ್ತೆ ನಾಲ್ಕು ದಿನ ನಡೆದರೂ ನನ್ನ ಹಸಿವು ಹತ್ತನೇ ಬೀದಿಯ ಊಟದ ಹೊತ್ತಿನಲ್ಲೇ ನಿಂತಿತ್ತು. ರೇವತಕ್ಕ ಒಮ್ಮೆ, "ಬೆಳಿಗ್ಗೆ ಬೆಳಿಗ್ಗೆ ಹೊದ್ಕೆ ಒಳಗೆ ದೀಪ ಉರಿಯತ್ತಲ್ಲೇ," ಅಂದಳು. "ಓದ್ತಿದೀನಿ ಅಕ್ಕ," ಅಂದೆ. ಅಷ್ಟರಮಟ್ಟಿಗೆ ಅದು ಸುಳ್ಳೂ ಅಲ್ಲ.

ಮುದ್ರೆಯ ದಿನ ಬಂತು. ಆ ಸಲ ಕೂತವರು ನಾವು ಮೂರೇ ಜನ: ನಾನು, ಕಸ್ತೂರಿ, ಉತ್ಪಲಾ. ಬೀದಿ ಕಚೇರಿಯಲ್ಲಿ ಕಿಟಕಿಯಿಲ್ಲದ ಒಂದು ಕೆಂಪು ಕೋಣೆಯಿದೆ. ಗಡಿಯಾರ, ಫೋನು ಎಲ್ಲ ಹೊರಗೆ. ಒಂದು ದಿನ ಪೂರ್ತಿ ಅಲ್ಲಿರಬೇಕು. ಹೊರಗಿನ ಬೆಳಕು ಸಿಗದಿದ್ದಾಗ ಮೈ ತನ್ನ ಹೊತ್ತನ್ನು ತಾನೇ ಹೇಳುತ್ತದೆ. ಪದ್ಮಯ್ಯ ಮಾಸ್ತರು ಮೂಲೆಯ ಕುರ್ಚಿಯಲ್ಲಿ ಕೂತು ಯಾರು ಯಾವಾಗ ಹಸಿದರು, ಯಾರು ಯಾವಾಗ ತೂಕಡಿಸಿದರು ಅಂತ ಬರೆದುಕೊಳ್ಳುತ್ತಾರೆ. ನಾಲಗೆಯ ಕೆಳಗೆ ಥರ್ಮಾಮೀಟರ್ ಇಟ್ಟು ಮೈ ಯಾವಾಗ ತಣ್ಣಗಾಯಿತು ಅಂತ ನೋಡುತ್ತಾರೆ. ಅವರು ತೂಕಡಿಸಿದಾಗ ಅವರ ಹೆಂಡತಿ ಬಂದು ಕೂರುತ್ತಾರೆ.

ಕಸ್ತೂರಿ ನನ್ನನ್ನು ಕಂಡು, "ಜ್ವರ ವಾಸಿಯಾಯ್ತಾ?" ಅಂದಳು. ಉತ್ಪಲಾ ನನಗೂ ಅಂತ ಒಂದು ಪೊಟ್ಟಣ ಬೆಣ್ಣೆ ಬಿಸ್ಕತ್ತು ತಂದಿದ್ದಳು. "ನೀಲವೇಣಿ, ಇದು ಕಸ್ತೂರಿ ಮಾಡಿದ್ದು, ಸ್ವಲ್ಪ ಸೀದಿದೆ," ಅಂದಳು. ಸೀದಿತ್ತು. ಆದರೂ ಚೆನ್ನಾಗಿತ್ತು. ಹಾಗಂತ ನಾನು ಹೇಳಲಿಲ್ಲ.

ಒಳಗೆ ಬಂದ ಸ್ವಲ್ಪ ಹೊತ್ತಿಗೇ ನನ್ನ ಕಣ್ಣೆವೆ ಭಾರವಾಯಿತು. ಅವರಿಬ್ಬರೂ ಪಗಡೆ ಹಾಸಿಕೊಂಡು ನಗುತ್ತಿರುವಾಗ ನಾನು ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ. ನಿದ್ದೆಯ ನಡುವೆ ಅವರು ಊಟ ಮಾಡುವ ಸದ್ದು ಕೇಳಿಸಿತು, ಎರಡು ತಟ್ಟೆ ಒಟ್ಟಿಗೆ ಇಟ್ಟ ಸದ್ದು. ಎದ್ದಾಗ ಮೈ ಹೊಸದಾದಂತಿತ್ತು. ನೋಡಿದರೆ ಉತ್ಪಲಾ ಆಗಲೇ ಮಲಗಿದ್ದಾಳೆ, ತಲೆ ಕಸ್ತೂರಿಯ ಭುಜದ ಮೇಲೆ. ಕಸ್ತೂರಿಯ ಕಣ್ಣೂ ಮುಚ್ಚಿಕೊಳ್ಳುತ್ತಿತ್ತು. ಆ ಭುಜವನ್ನೇ ನೋಡುತ್ತಾ ಕೂತೆ. ಎಷ್ಟೋ ಸಲ ಬಸ್ಸಿನಲ್ಲಿ ನಾನು ತಲೆಯಿಟ್ಟ ಭುಜ ಅದು.

"ನೀಲಿ, ಮಲ್ಗಲ್ವಾ?" ಅಂದಳು ಕಸ್ತೂರಿ, ಪಿಸುದನಿಯಲ್ಲಿ.

"ಈಗ ಎದ್ದೆ."

"ಈಗ ಎದ್ಯಾ?" ಅವಳು ನಿಧಾನವಾಗಿ ಲೆಕ್ಕ ಹಾಕಿದ್ದು ಮುಖದಲ್ಲಿ ಕಾಣಿಸಿತು. "ಎಷ್ಟನೇ ಬೀದಿ ಆಗಿದೀಯೇ ನೀನು?"

"ಎರಡಕ್ಕೇ ಬರ್ತಿದ್ದೆ. ಆ ಕಡೆಯಿಂದ ಸುತ್ಕೊಂಡು."

ಅವಳ ಹೊಟ್ಟೆ ಕುಲುಕಿತು. ನಗು ತಡೆಯಲು ಸೆರಗು ಕಚ್ಚುವವರ ಹಾಗೆ ದುಪಟ್ಟಾ ಕಚ್ಚಿಕೊಂಡಳು, ಉತ್ಪಲಾಳ ತಲೆ ಅಲುಗದಿರಲಿ ಅಂತ. ನನಗೂ ನಗು ಬಂತು. ಪದ್ಮಯ್ಯ ಮಾಸ್ತರು ಕೆಮ್ಮಿದರು.

"ನೀನು ಮೊದ್ಲೇ ಹೇಳಿದ್ರೆ ಇದೆಲ್ಲಾ ಆಗ್ತಿರ್ಲಿಲ್ಲ," ಅಂದೆ.

"ಹೇಳಿದ್ರೆ ನೀನೂ ಬಂದ್ಬಿಡ್ತಿದ್ದೆ. ಅದಕ್ಕೇ ಹೇಳ್ಲಿಲ್ಲ." ನಿದ್ದೆ ಅವಳ ನಾಲಗೆಯನ್ನು ಸಡಿಲ ಮಾಡಿತ್ತು. "ಒಂದೊಂದ್ಸಲ ನಂಗೆ ಒಬ್ಳಿಗೇ ಹಸಿವಾಗ್ಬೇಕು ಅನ್ಸತ್ತೆ ಕಣೇ. ನೀನು ನನ್ನ ಆಕಳಿಕೆನೂ ಬರ್ದಿಟ್ಕೋತೀಯ. ನೋಟ್‌ಬುಕ್ ನೋಡ್ದೆ ನಾನು."

"ಉತ್ಪಲಾ?"

"ಅವ್ಳು ಅವಳ ಪಾಡಿಗೆ ಬನ್ನು ತಟ್ತಿರ್ತಾಳೆ. ನಾನು ಇದೀನೋ ಇಲ್ವೋ ಅಂತಾನೂ…" ಮಾತು ಅಲ್ಲಿಗೇ ನಿಂತಿತು. ಬಾಯಿ ಸ್ವಲ್ಪ ತೆರೆದೇ ಇತ್ತು.

ಅವರು ಮಲಗಿದ್ದ ಅಷ್ಟೂ ಹೊತ್ತು ನಾನು ಎಚ್ಚರವಾಗಿದ್ದೆ. ಬೇರೆ ಕೆಲಸವಿರಲಿಲ್ಲ. ನನ್ನನ್ನು ಬಿಟ್ಟು ಇನ್ನೊಬ್ಬಳನ್ನು ಹೆಚ್ಚು ಇಷ್ಟಪಟ್ಟಳು ಅಂತ ಇಷ್ಟು ದಿನ ಉರಿದುಕೊಂಡಿದ್ದೆ. ಅವಳಿಗೆ ಬೇಕಾಗಿದ್ದದ್ದು ತನ್ನನ್ನು ಅಷ್ಟೊಂದು ನೋಡದ ಒಬ್ಬಳು. ಅಂಥವಳ ಮೇಲೆ ಹೇಗೆ ಹೊಟ್ಟೆಕಿಚ್ಚು ಪಡಬೇಕು ಅಂತಲೇ ಗೊತ್ತಾಗಲಿಲ್ಲ. ಆದರೂ ಪಟ್ಟೆ. ಅಭ್ಯಾಸವಾಗಿಹೋಗಿತ್ತು.

ಕೊನೆಗೆ ಪದ್ಮಯ್ಯ ಮಾಸ್ತರು ಪುಸ್ತಕ ತೆರೆದರು. ಉತ್ಪಲಾ, ಎರಡು. ಕಸ್ತೂರಿ, ಎರಡು. ನನ್ನ ಹಾಳೆಗೆ ಬಂದು ಕನ್ನಡಕ ಮೇಲೇರಿಸಿದರು.

"ಅರ್ಜೀಲಿ ಎರಡು ಅಂತ ಬರ್ದಿದೀಯ. ಮೈ ಹತ್ತು ಅಂತಿದೆ. ನಾನು ಮುದ್ರೆ ಹಾಕೋದು ಮೈಗೆ ತಾಯಿ, ಅರ್ಜಿಗಲ್ಲ. ಎರಡೇ ಬೇಕು ಅಂದ್ರೆ ಇವತ್ತು ಬಿಟ್ಬಿಡು. ಒಂದು ತಿಂಗಳು ಟೈಮ್ ಕೊಡ್ತೀನಿ, ನಿಧಾನಕ್ಕೆ ಹೊಂದ್ಕೊಂಡು ಬಂದು ಮತ್ತೆ ಕೂತ್ಕೋ."

"ನಮ್ಮನೇಲೇ ಇದ್ಕೊಂಡು ಬೆಳಕಿಗೆ ಕೂತ್ಕೋ ನೀಲವೇಣಿ, ಮೇಲಿನ ರೂಮು ಖಾಲಿ ಇದೆ," ಅಂದಳು ಉತ್ಪಲಾ. ಮನಸಾರೆ ಅಂದಳು. ಗುಳಿ ಸಮೇತ. ಅವಳು ಸ್ವಲ್ಪ ಕೆಟ್ಟವಳಾಗಿದ್ದರೆ ನನಗೆಷ್ಟು ಅನುಕೂಲವಾಗುತ್ತಿತ್ತು.

ಒಂದು ತಿಂಗಳು. ಆ ರೂಮಿನಿಂದ ಬೇಕರಿಯ ಮೆಟ್ಟಿಲು ಕಾಣುತ್ತದೆ, ಒಲೆಯ ಮುಂದೆ ಯಾರು ಯಾರ ಪಕ್ಕ ನಿಂತಿದ್ದಾರೆ ಅಂತ ಕಾಣುತ್ತದೆ. ನಾನು ಕಸ್ತೂರಿಯ ಕಡೆ ನೋಡಿದೆ. ಅವಳು ಬೇಡ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ. ತನ್ನ ಚಪ್ಪಲಿಯ ಪಟ್ಟಿಯನ್ನು ಬಹಳ ಗಮನವಿಟ್ಟು ಸರಿಮಾಡಿಕೊಳ್ಳುತ್ತಿದ್ದಳು.

"ಹತ್ತೇ ಇರ್ಲಿ ಸಾರ್," ಅಂದೆ. "ಅಲ್ಲಿ ನಮ್ಮ ಅಕ್ಕ ಒಬ್ರಿದಾರೆ."

ಮುದ್ರೆ ಬಿತ್ತು. ಕಸ್ತೂರಿ ಹೊರಗೆ ಬಂದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು, ಬಹಳ ಹೊತ್ತು. ಆಮೇಲೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ನಡೆದೆವು.

ಈಗ ನಾನು ರೇವತಕ್ಕನ ಮನೆಯಲ್ಲಿದ್ದೇನೆ. ಹತ್ತನೇ ಬೀದಿಗೆ ಬೆಳಕು ಬರುವ ಹೊತ್ತಿಗೆ ಎರಡನೇ ಬೀದಿಯಲ್ಲಿ ಹಾಸಿಗೆ ಹಾಸುತ್ತಾರೆ. ನಾನು ಏಳುವಾಗ ಅವಳು ಮಲಗುತ್ತಾಳೆ. ನಿನ್ನೆ ಮೊದಲ ಸಲ ಅವಳೇ ಫೋನ್ ಮಾಡಿದಳು. ಜಗಲಿಯ ಮೇಲೆ ಆಗಷ್ಟೇ ಬೆಳಕು ಬಿದ್ದಿತ್ತು. ಬನ್ನು ಉಬ್ಬಿದ್ದು, ಈಸ್ಟ್ ಹೆಚ್ಚಾಗಿ ತಟ್ಟೆಯಿಂದ ಹೊರಗೆ ಹರಿದದ್ದು, ಉತ್ಪಲಾಳ ಅಪ್ಪ ಬೈಯದೆ ಕೂತು ನಕ್ಕದ್ದು, ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಮಾತಿನ ನಡುವೆ ಅಂತರ ಹೆಚ್ಚಾಯಿತು, ಆಮೇಲೆ ಬರೀ ಉಸಿರು. ಬೆಳಕು ನನ್ನ ಮೊಣಕಾಲಿನ ತನಕ ಬಂತು. ಆ ಕಡೆ ಯಾರೋ ಹೆಜ್ಜೆಯಿಟ್ಟ ಸದ್ದು.

"ಹಲೋ? ನೀಲವೇಣೀನಾ?" ಉತ್ಪಲಾಳ ದನಿ, ನಿದ್ದೆಗಣ್ಣಿನ ದನಿ. "ಇವ್ಳು ಮಲ್ಗಿಬಿಟ್ಟಿದಾಳೆ ಕಣೇ, ಫೋನು ಕಿವಿಗೇ ಇಟ್ಕೊಂಡು. ಕಟ್ ಮಾಡ್ಲಾ, ಇಲ್ಲಾ ಹಂಗೇ ಇಡ್ಲಾ?"

ಹಾಗೇ ಇಡು ಅಂದರೆ ಇಡುತ್ತಿದ್ದಳು. ನನ್ನ ಬೆಳಗು ಮುಗಿಯುವ ತನಕ ಕಸ್ತೂರಿಯ ಉಸಿರು ಕೇಳುತ್ತಾ ಕೂತಿರಬಹುದಿತ್ತು, ಅವಳು ಯಾವಾಗ ಮಗ್ಗುಲು ಬದಲಿಸಿದಳು ಅಂತ ತಿಳಿಯಬಹುದಿತ್ತು.

"ಮಲ್ಗಿ ಇಬ್ರೂ," ಅಂದೆ. ಅವಳು ಕಟ್ ಮಾಡುವುದಕ್ಕೆ ಮುಂಚೆ ನಾನೇ ಮಾಡಿ, ಫೋನನ್ನು ಕವುಚಿ ಇಟ್ಟು, ಬೆಳಕಿನ ಕಡೆ ಮುಖ ತಿರುಗಿಸಿದೆ.